ಏಜೆಂಟಮ್ಮನಿಗೆ ಒಂದು ಪುಟದ ಪತ್ರ

ಇನ್ನೂರ ಎಂಬತ್ತು ಪುಟದ ಕಾದಂಬರಿ ಬರೆಯಲು ನನಗೆ ಆರು ವರ್ಷ ಹಿಡಿಯಿತು. ಆ ಆರು ವರ್ಷದಲ್ಲಿ ಯಾರೂ ನನ್ನನ್ನು ಏನು ಬರೆಯುತ್ತಿದ್ದೀ ಎಂದು ಕೇಳಲಿಲ್ಲ. ಅದನ್ನು ಕಳಿಸಲು ಒಂದು ಪುಟದ ಪತ್ರ ಬರೆಯಬೇಕಾಗಿ ಬಂದಾಗ ಮಾತ್ರ ಮನೆಮಂದಿ, ನೆರೆಮನೆಯವರು, ಕೊನೆಗೆ ಮಡಕಶಿರದ ಅಕ್ಕ, ಎಲ್ಲರೂ ಸಲಹೆಗಾರರಾದರು.

ನಾನು ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವಳು. ಹುಟ್ಟಿದ್ದು ಮಡಕಶಿರದ ಕಡೆ, ರತ್ನಗಿರಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿ, ಆಮೇಲೆ ಹೊಲಿಗೆ ಕಲಿತು, ಮದುವೆಯಾಗಿ ಈ ಊರಿಗೆ ಬಂದೆ. ನಮ್ಮ ಯಜಮಾನರು ಕಟಿಂಗ್ ಮಾಸ್ಟರ್. ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಷಿನ್ ಇವೆ. ಅತ್ತೆ ಬಾಗಿಲ ಪಕ್ಕ ಕೂತು, ಹೊಲಿದ ಪ್ಯಾಂಟುಗಳಿಂದ ಜೋತಾಡುವ ದಾರದ ತುದಿಗಳನ್ನು ಕತ್ತರಿಸುತ್ತಾರೆ. ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನಾನು ‘ಐತೆ’ ಅಂದಾಗಲೆಲ್ಲ ಅತ್ತೆ ‘ಐತಿ’ ಎಂದು ತಿದ್ದುತ್ತಲೇ ಇದ್ದಾರೆ. ನಾನೂ ಬಗ್ಗಿಲ್ಲ, ಅವರೂ ಬಿಟ್ಟಿಲ್ಲ.

ಬರೆಯುತ್ತಿದ್ದದ್ದು ಮಧ್ಯಾಹ್ನದ ಹೊತ್ತು, ಕರೆಂಟ್ ಹೋದಾಗ. ಮಷಿನ್ ನಿಂತರೆ ನೋಟ್‌ಬುಕ್ ತೆರೆಯುತ್ತಿದ್ದೆ. ಹಾಗೆ ನೋಡಿದರೆ ನನ್ನ ಕಾದಂಬರಿಗೆ ಕರೆಂಟಿನವರ ಋಣವೂ ಇದೆ. ಬರೆದು ಮುಗಿದ ಮೇಲೆ ಪೂರ್ತಿ ಫೋನಿನಲ್ಲಿ ಟೈಪ್ ಮಾಡಿದೆ. ಎಡಗೈ ಹೆಬ್ಬೆರಳು ಇವತ್ತಿಗೂ ನೋಯುತ್ತದೆ.

ಕನ್ನಡ ಓದುಗರ ವಾಟ್ಸಾಪ್ ಗುಂಪೊಂದರಲ್ಲಿ ಒಂದು ದಿನ ಒಂದು ಪ್ರಕಟಣೆ ಬಂತು. ಬೆಂಗಳೂರಿನಲ್ಲಿ ಸಾಹಿತ್ಯದ ಏಜೆಂಟ್ ಆಗಿರುವ ಮಹಿಳೆಯೊಬ್ಬರಿದ್ದಾರಂತೆ. ಪುಸ್ತಕವನ್ನು ಓದಿ, ಹಿಡಿಸಿದರೆ ಪ್ರಕಾಶಕರ ಹತ್ತಿರ ತಾವೇ ಮಾತಾಡುತ್ತಾರಂತೆ. ಒಂದೂ ಪುಸ್ತಕ ಬಾರದವರು ಸಹ ಬರೆಯಬಹುದಂತೆ. ಮೊದಲ ಮೂರು ಅಧ್ಯಾಯ ಕಳಿಸಬೇಕು. ಜೊತೆಗೆ ಒಂದು ಕವರ್ ಲೆಟರ್, ಒಂದು ಪುಟ ಮೀರಬಾರದು. ಕಥೆ ಏನು, ನೀವು ಯಾರು ಎಂಬೆರಡೂ ಅದರಲ್ಲಿರಬೇಕು.

ಇದನ್ನು ಜೋರಾಗಿ ಓದಿ ಹೇಳಿದ್ದೇ ನಾನು ಮಾಡಿದ ಮೊದಲ ತಪ್ಪು.

ಅತ್ತೆ ಕತ್ತರಿ ಕೆಳಗಿಟ್ಟರು. “ಏಜೆಂಟ್ ಅಂದ್ರ? ಇನ್ಶೂರೆನ್ಸ್ ಮಾಡಸ್ತಾರಲ್ಲ, ಅವರೇನು?”

“ಅಲ್ಲ ಅತ್ತಿ. ಪುಸ್ತಕದ ಏಜೆಂಟು.”

“ಪುಸ್ತಕಕ್ಕ ಏನಾದ್ರ ಆದ್ರ ರೊಕ್ಕ ಕೊಡ್ತಾರೇನು?”

“ಇನ್ಶೂರೆನ್ಸ್ ಅಲ್ಲ ಅಂದ್ನಲ್ಲ. ಅವರಿಗೆ ಮೊದಲು ಕವರ್ ಲೆಟರ್ ಬರೀಬೇಕಂತೆ.”

“ಕವರಿಗೆ ಏನ್ ಬರಿತಿ? ಮ್ಯಾಲ ಅಡ್ರೆಸ್ ಬರದ್ರ ಆತು.” ಇಷ್ಟು ಹೇಳಿ ಅತ್ತೆ ಆ ವಿಷಯ ಇತ್ಯರ್ಥವಾಯಿತೆಂದು ಮತ್ತೆ ಕತ್ತರಿ ಹಿಡಿದರು.

ನಾನು ಬರೆದ ಮೊದಲ ಪತ್ರ ನಾಲ್ಕು ಪುಟ ಬಂತು. ‘ಬಾಲ್ಯದಿಂದಲೂ ನನಗೆ ಸಾಹಿತ್ಯದಲ್ಲಿ ಅಪಾರ ಆಸಕ್ತಿ’ ಎಂದು ಶುರುವಾಗಿ, ಶಾಲೆಯ ಪ್ರಬಂಧ ಸ್ಪರ್ಧೆಯಲ್ಲಿ ಬಂದ ಮೂರನೇ ಬಹುಮಾನ, ಬೋರ್‌ವೆಲ್ ಕೆಟ್ಟದ್ದರ ಬಗ್ಗೆ ಪತ್ರಿಕೆಗೆ ಬರೆದ ನಾಲ್ಕು ಸಾಲು, ನನಗೆ ಕಲಿಸಿದ ಮೇಷ್ಟ್ರು, ತಂದೆ, ತಾಯಿ ಎಲ್ಲರನ್ನೂ ನೆನೆದು, ಕಥೆಯ ಹತ್ತಿರ ಬರುವಷ್ಟರಲ್ಲಿ ಮೂರೂವರೆ ಪುಟ ಮುಗಿದಿತ್ತು. ಯಜಮಾನರಿಗೆ ಕೊಟ್ಟೆ. ಅವರು ಬಟ್ಟೆ ಪರೀಕ್ಷಿಸುವ ಹಾಗೆ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದರು.

“ಸ್ಪರ್ಧೆದಾಗ ಎಷ್ಟ ಮಂದಿ ಇದ್ರಿ?”

“ಮೂರು.”

“ಹಂಗಾರ ಅದನ್ನ ತಗದ ಹಾಕು.” ಹಾಳೆ ತಿರುವಿ, “ಈ ಬೋರ್‌ವೆಲ್ ರಿಪೇರಿ ಆತಲ್ಲ, ಅದನ್ನ ಇಡು. ನೀ ಬರದಿದ್ದು ಕೆಲಸಕ್ಕ ಬಂದಿದ್ದು ಅದೊಂದ ಐತಿ” ಎಂದರು.

ನಾಲ್ಕು ದಿನ ಅವರ ಜೊತೆ ಮಾತು ಬಿಟ್ಟೆ. ಐದನೇ ದಿನ ಪ್ರಬಂಧ ಸ್ಪರ್ಧೆಯನ್ನು ತೆಗೆದೆ.

ಆಮೇಲೆ ನಮ್ಮ ಬೀದಿಯ ಕೊನೆಯಲ್ಲಿರುವ ನಿವೃತ್ತ ಗುಮಾಸ್ತರನ್ನು ನೆನಪಿಸಿಕೊಟ್ಟವರೂ ಯಜಮಾನರೇ. ಅವರು ಮೂವತ್ತು ವರ್ಷ ಕಂದಾಯ ಇಲಾಖೆಯಲ್ಲಿದ್ದವರು, ತೆಲುಗು, ಕನ್ನಡ ಎರಡರಲ್ಲೂ ಅರ್ಜಿ ಬರೆಯುವುದರಲ್ಲಿ ಎತ್ತಿದ ಕೈ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಿದರೆ, ಪಿಂಚಣಿ ನಿಂತರೆ, ಬೀದಿಯವರೆಲ್ಲ ಹೋಗುವುದು ಅವರ ಜಗುಲಿಗೆ. ನಾನೂ ಹೋದೆ. ಅವರು ಕನ್ನಡಕ ಏರಿಸಿ ನನ್ನ ಪತ್ರ ನೋಡಿ ನಿಜಕ್ಕೂ ನೊಂದುಕೊಂಡರು.

“ಏನ್ರಿ ತಾಯಿ, ವಿಷಯ ಅಂತ ಹಾಕಿಲ್ಲ, ಉಲ್ಲೇಖ ಹಾಕಿಲ್ಲ. ವಿಷಯ ಇಲ್ದಿದ್ರ ಆ ಯಮ್ಮ ಯಾವ ಫೈಲಿನಾಗ ಇಡ್ಬೇಕ್ರಿ?”

“ಅವರದು ಆಫೀಸು ಅಲ್ಲ ಸರ್.”

“ಯಾರದಾದ್ರೂ ಆಫೀಸೇ ರಿ. ಬರ್ರಿ, ಕೂಡ್ರಿ.”

ಒಂದು ಗಂಟೆ ಕೂತು ಅವರೇ ಬರೆದುಕೊಟ್ಟರು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ‘ವಿಷಯ: ಕಾದಂಬರಿ ಮಂಜೂರು ಮಾಡುವ ಕುರಿತು’ ಎಂದು ಮೇಲೆ ಇತ್ತು. ಕೆಳಗೆ, ‘ಈ ಕೆಳಗೆ ಸಹಿ ಮಾಡಿದ ನಾನು ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ’ ಎಂದು ಶುರುವಾಗುತ್ತಿತ್ತು. ಕಥೆ ಏನೆಂದು ಕೇಳಿದರು. ನಾನು ತಡವರಿಸುತ್ತ ಹೇಳಿದೆ. ಅವರು ಅದನ್ನೂ ಚೊಕ್ಕ ಮಾಡಿ ಬರೆದರು: ‘ಗಂಡನ ಹೊಡೆತ ತಾಳಲಾರದೆ ತವರು ಸೇರಿದ ಅಬಲೆಯೊಬ್ಬಳ ಕಣ್ಣೀರಿನ ಕಥೆ. ಸದರಿ ಪಾತ್ರಗಳು ಸಂಪೂರ್ಣ ಕಾಲ್ಪನಿಕವೆಂದು ಈ ಮೂಲಕ ದೃಢೀಕರಿಸುತ್ತೇನೆ.’ ಕೊನೆಯಲ್ಲಿ, ‘ಲಗತ್ತುಗಳು: ಮೂರು ಅಧ್ಯಾಯ, ಆಧಾರ್ ಪ್ರತಿ.’

ವಿಳಾಸದ ಬಗ್ಗೆಯೂ ಅವರಿಗೊಂದು ಚಿಂತೆ. “ಆಂಧ್ರಪ್ರದೇಶ ಅಂತ ನೋಡಿದ್ರ, ಆ ಯಮ್ಮ ತಪ್ಪಿ ಬಂದೈತಿ ಅನ್ಕೊಂಡು ತೆಲುಗಿನವ್ರಿಗೆ ಕಳಿಸಿಬಿಟ್ಟಾಳು. ಬಳ್ಳಾರಿ ಸಮೀಪ ಅಂತ ಹಾಕ್ರಿ.”

ಪತ್ರ ಒಂದೇ ಪುಟದಲ್ಲಿತ್ತು ಎನ್ನುವುದೊಂದೇ ಸಮಾಧಾನ. ಆದರೂ ಅದನ್ನು ಕಳಿಸಲು ಮನಸ್ಸು ಬರಲಿಲ್ಲ. ಮಡಚಿ ಬ್ಯಾಗಿನಲ್ಲಿಟ್ಟುಕೊಂಡೆ.

ಅದೇ ವಾರ ಅಕ್ಕನ ಫೋನು ಬಂತು. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಬಂದಿವೆ, ಆಳು ಸಿಗುತ್ತಿಲ್ಲ, ಎರಡು ದಿನ ಬಾ ಎಂದಳು. ಅಕ್ಕ ತವರಿನ ಹಳ್ಳಿಯಲ್ಲೇ ಇರುವವಳು, ನನಗಿಂತ ಏಳು ವರ್ಷ ದೊಡ್ಡವಳು. ಹಿಪ್ಪುನೇರಳೆ ತೋಟವನ್ನೂ ಹುಳದ ಮನೆಯನ್ನೂ ಒಬ್ಬಳೇ ನಿಭಾಯಿಸುತ್ತಾಳೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಗಂಡನ ಮನೆ ಬಿಟ್ಟು ಬಂದವಳು ಮತ್ತೆ ಹೋಗಲಿಲ್ಲ. ನನ್ನ ಕಾದಂಬರಿಯ ಆ ಹೆಂಗಸು ಅವಳೇ. ಈ ವಿಷಯವನ್ನು ಅವಳಿಗೆ ನಾನು ಹೇಳಿರಲಿಲ್ಲ. ಹೇಳಲು ಧೈರ್ಯ ಸಾಲದೆ ಆರು ವರ್ಷ ಕಳೆದಿದ್ದೆ.

ಎರಡು ಬಸ್ಸು ಬದಲಿಸಿ ಊರು ತಲುಪಿದೆ. ಮಾರನೆಯ ದಿನ ಬೆಳಿಗ್ಗೆಯಿಂದ ಇಬ್ಬರೂ ಹಣ್ಣಾದ ಹುಳಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದೆವು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟಲೆಂದು ಸುರುಳಿ ಸುತ್ತಿ ಮಾಡಿದ ಅಗಲವಾದ ಬಿದಿರಿನ ತಟ್ಟೆ. ನನ್ನ ಕೈ ಹೊಲಿಗೆಯಲ್ಲಿ ಎಷ್ಟು ಚುರುಕೋ ಇಲ್ಲಿ ಅಷ್ಟೇ ನಿಧಾನ. ಅಕ್ಕ ಎರಡು ತಟ್ಟೆ ಮುಗಿಸಿದರೆ ನನ್ನದು ಅರ್ಧ. ಹನ್ನೊಂದು ಗಂಟೆಯ ಹೊತ್ತಿಗೆ, ನಾನು ತಂದಿದ್ದ ಖಾರದ ಮಂಡಕ್ಕಿ ಹುಡುಕಲು ಅವಳು ನನ್ನ ಬ್ಯಾಗಿಗೆ ಕೈ ಹಾಕಿದಳು. ಮಂಡಕ್ಕಿಯ ಜೊತೆ ಪತ್ರವೂ ಬಂತು.

ಅಕ್ಕ ಏಳನೇ ತರಗತಿ ಓದಿದವಳು. ನಿಂತಲ್ಲೇ, ತುಟಿ ಆಡಿಸುತ್ತ ಓದಿದಳು. ನಾನು ಹುಳಗಳನ್ನು ಬಹಳ ಶ್ರದ್ಧೆಯಿಂದ ಆರಿಸತೊಡಗಿದೆ.

“ಯಾರೇ ಈ ಅಬಲೆ?”

“ಯಾರೂ ಅಲ್ಲ ಅಕ್ಕ. ಕಥೆ ಅದು.”

“ಕಥೇಲಿ ಇವಳು ರೇಷ್ಮೆ ಸಾಕ್ತಾಳಾ?”

“ಸಾಕ್ತಾಳೆ.”

“ತಂಗಿ ಇದಾಳಾ ಇವಳಿಗೆ?”

“ಒಬ್ಳು ಇದಾಳೆ.”

“ಹೆಂಗವಳು? ಮೈಗಳ್ಳಿನಾ?”

“ಇಲ್ಲ. ತುಂಬಾ ಒಳ್ಳೇಳು.”

“ಹಂಗಾದ್ರೆ ಕಥೇನೇ ಬಿಡು” ಎಂದು ಅಕ್ಕ ಮಂಡಕ್ಕಿ ಪೊಟ್ಟಣ ಬಿಚ್ಚಿದಳು.

ನನಗೆ ತಲೆ ಎತ್ತಲಾಗಲಿಲ್ಲ. ಬಯ್ಯುತ್ತಾಳೆ ಎಂದುಕೊಂಡೆ. ಬಯ್ದಿದ್ದರೆ ಎಷ್ಟೋ ವಾಸಿ. ಅವಳು ಮಂಡಕ್ಕಿ ಮೆಲ್ಲುತ್ತ ಹೇಳಿದಳು: “ಆರು ವರ್ಷದಿಂದ ಫೋನ್ ಮಾಡಿ ಮಾಡಿ ಕೇಳ್ತಿದ್ಯಲ್ಲೇ, ಅಕ್ಕ ಅವತ್ತು ಯಾವ ಸೀರೆ ಉಟ್ಟಿದ್ದೆ, ಅಕ್ಕ ಬಸ್ಸಲ್ಲಿ ಯಾವ ಕಡೆ ಕೂತಿದ್ದೆ ಅಂತ. ನಾನೇನು ಪೊಲೀಸ್ ಸ್ಟೇಷನ್ನಲ್ಲಿ ಹೇಳಿಕೆ ಕೊಡ್ತಾ ಇದೀನಾ ಅಂದ್ಕಳ್ತಿದ್ದೆ. ಬರೀತಿದೀಯ ಅಂತ ಗೊತ್ತಿತ್ತು. ಆದ್ರೆ ಇಷ್ಟೊಂದು ಸುಳ್ಳು ಬರೀತೀಯ ಅಂತ ಗೊತ್ತಿರಲಿಲ್ಲ.”

“ಏನು ಸುಳ್ಳು?”

“ಹೊಡೆತ ಎಲ್ಲಿಂದ ಬಂತು? ಆ ಮನುಷ್ಯ ಒಂದು ದಿನ ಕೈ ಎತ್ತಿಲ್ಲ. ನಾಳೆ ಮಡಕಶಿರದ ಸಂತೇಲಿ ಸಿಗ್ತಾನೆ, ಯಾವ ಮುಖ ಇಟ್ಕೊಂಡು ಅವನನ್ನ ನೋಡ್ಲಿ?”

“ಮತ್ತೆ ಯಾಕೆ ಬಿಟ್ಟು ಬಂದೆ?”

ಇಷ್ಟು ವರ್ಷದಲ್ಲಿ ಸೀರೆಯ ಬಣ್ಣ ಕೇಳಿದ್ದೆ, ಇದನ್ನು ಕೇಳಿರಲಿಲ್ಲ. ಉತ್ತರ ನನಗೆ ಗೊತ್ತು ಎಂದೇ ತಿಳಿದಿದ್ದೆ.

ಅಕ್ಕ ಕೈ ಕೊಡವಿ ಮತ್ತೆ ಹುಳ ಆರಿಸಲು ಕೂತಳು. “ಮಾತಾಡ್ತಾ ಇರಲಿಲ್ಲ ಕಣೇ. ಎರಡು ವರ್ಷ. ಕುರಿ ಜೊತೆ ಮಾತಾಡೋನು, ನಾಯಿ ಜೊತೆ ಮಾತಾಡೋನು. ನನ್ನ ಹತ್ರ ಊಟ ಆಯ್ತಾ ಅಂತ್ಲೂ ಇಲ್ಲ. ಕೆಟ್ಟೋನಲ್ಲ, ಅವನಿಗೆ ಹೆಂಗಸರ ಹತ್ರ ಏನು ಮಾತಾಡ್ಬೇಕು ಅಂತ್ಲೇ ತಿಳೀತಿರಲಿಲ್ಲ ಅನ್ಸುತ್ತೆ. ಒಂದಿನ ನಾನೇ ಕುರಿಗೆ ನೀರು ಕುಡಿಸ್ತಾ ಕುರಿ ಜೊತೆ ಮಾತಾಡ್ತಿದ್ದೆ. ಅಯ್ಯೋ, ನಂಗೂ ಅಂಟ್ಕೊಂತಲ್ಲಪ್ಪ ಅನ್ನಿಸ್ತು. ಒಳಗೆ ಹೋಗಿ ನಮ್ಮತ್ತೆಗೆ ಒಲೆ ಮೇಲೆ ಸಾರೈತೆ, ಇಳಿಸ್ಕಳ್ಳಿ ಅಂತ ಹೇಳಿ ಹೊರಟೆ.”

“ನೀನು ಬಂದಾಗ ಕಣ್ಣು ಕೆಂಪಗಿತ್ತು. ನಾನೇ ನೋಡಿದೀನಿ. ಬಸ್ಸಲ್ಲೆಲ್ಲಾ ಅತ್ಕೊಂಡು ಬಂದಿದ್ದೆ.”

ಆಗ ನನಗೆ ಹನ್ನೆರಡು ವರ್ಷ. ಅಂಗಳದಲ್ಲಿ ನಿಂತಿದ್ದ ಅಕ್ಕನ ಆ ಕೆಂಪು ಕಣ್ಣುಗಳಿಂದಲೇ ನನ್ನ ಕಾದಂಬರಿ ಹುಟ್ಟಿದ್ದು. ಎರಡನೇ ಅಧ್ಯಾಯವಿಡೀ ಅವಳು ಬಸ್ಸಿನ ಕಿಟಕಿಗೆ ತಲೆಯಿಟ್ಟು ಅಳುತ್ತಾಳೆ. ನಾನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿದೆ ಎಂದು ನನ್ನ ನಂಬಿಕೆ.

“ಅಳೋದಾ?” ಅಕ್ಕನಿಗೆ ನಗು ತಡೆಯಲಾಗಲಿಲ್ಲ. “ಮಡಕಶಿರ ಬಸ್ ಸ್ಟ್ಯಾಂಡಲ್ಲಿ ಮೆಣಸಿನಕಾಯಿ ಬಜ್ಜಿ ತಿಂದಿದ್ದೆ. ನಾಲ್ಕು. ಎರಡು ವರ್ಷ ಆಗಿತ್ತು ತಿಂದು. ಖಾರ ನೆತ್ತಿಗೆ ಹತ್ತಿ, ಕಣ್ಣಲ್ಲಿ ಮೂಗಲ್ಲಿ ನೀರು. ನೀರು ಕುಡಿಯೋಣ ಅಂದ್ರೆ ಬಸ್ಸು ಹೊರಟುಬಿಡ್ತು.”

ಆರು ವರ್ಷದ ನನ್ನ ದುಡಿಮೆ ನಾಲ್ಕು ಬಜ್ಜಿಯ ಮೇಲೆ ನಿಂತಿತ್ತು ಎಂದು ಗೊತ್ತಾದಾಗ ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ.

“ಹಂಗಾದ್ರೆ ನೀನು ಅಳಲೇ ಇಲ್ವಾ?”

“ಯಾಕಳಲ್ಲ? ಅತ್ತಿದ್ದೆ. ಬಂದು ಮೂರು ತಿಂಗಳಾದ ಮೇಲೆ. ಅಪ್ಪ ನನ್ನ ಪಾಲಿಗೆ ಅಂತ ಮೊದಲನೇ ಸಲ ಹುಳ ಸಾಕೋಕೆ ಕೊಟ್ಟಿದ್ರಲ್ಲ, ಅದಕ್ಕೆ ಸುಣ್ಣಕಟ್ಟು ರೋಗ ಬಂತು. ಬೆಳಿಗ್ಗೆ ಬಾಗಿಲು ತೆಗೆದ್ರೆ ಎಲ್ಲಾ ಬೆಳ್ಳಗೆ, ಸೀಮೆಸುಣ್ಣದ ಕಡ್ಡಿ ಥರ ಬಿದ್ದಿದ್ವು. ಆವತ್ತು ಅತ್ತಿದ್ದು. ಅವನಿಗೋಸ್ಕರ ಅಲ್ಲ. ಹುಳಕ್ಕೋಸ್ಕರ.” ಅವಳು ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಯ ಮೇಲಿಟ್ಟಳು. “ಅದು ನಿಂಗೆ ಗೊತ್ತಾಗ್ಲಿಲ್ಲ. ಶಾಲೆಗೆ ಹೋಗಿದ್ದೆ.”

ಮಧ್ಯಾಹ್ನ ಊಟವಾದ ಮೇಲೆ, ಗುಮಾಸ್ತರ ಪತ್ರದ ಹಿಂಬದಿಯಲ್ಲೇ ಹೊಸ ಪತ್ರ ಬರೆದೆ. ಹತ್ತು ನಿಮಿಷ ಹಿಡಿದಿರಬೇಕು. ಅದು ಹೀಗಿತ್ತು:

‘ಎರಡು ವರ್ಷ ಗಂಡ ತನ್ನೊಡನೆ ಮಾತಾಡದೆ ಇದ್ದುದಕ್ಕೆ, ಒಬ್ಬಳು ಒಲೆಯ ಮೇಲಿನ ಸಾರು ಇಳಿಸಿಕೊಳ್ಳಿ ಎಂದು ಅತ್ತೆಗೆ ಹೇಳಿ ಮನೆ ಬಿಡುತ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಮೆಣಸಿನಕಾಯಿ ಬಜ್ಜಿ ತಿಂದು ತವರಿಗೆ ಬರುತ್ತಾಳೆ. ಅಲ್ಲಿ ರೇಷ್ಮೆ ಸಾಕಿ ತನ್ನ ಬದುಕು ಕಟ್ಟಿಕೊಳ್ಳುತ್ತಾಳೆ. ಈ ಕಾದಂಬರಿ ಅವಳದು. ನಾನು ಅವಳ ತಂಗಿ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುತ್ತೇನೆ. ನಮ್ಮ ಊರುಗಳು ಆಂಧ್ರದಲ್ಲಿವೆ, ನಮ್ಮ ಮನೆಮಾತು ಕನ್ನಡ. ಇದಕ್ಕೆ ಮೊದಲು ನಾನು ಬರೆದದ್ದು ಬೋರ್‌ವೆಲ್ ಕೆಟ್ಟದ್ದರ ಬಗ್ಗೆ ಪತ್ರಿಕೆಗೆ ನಾಲ್ಕು ಸಾಲು ಮಾತ್ರ. ಬೋರ್‌ವೆಲ್ ರಿಪೇರಿಯಾಯಿತು.’

ಅಕ್ಕನಿಗೆ ಓದಿ ಹೇಳಿದೆ. “ಹಿಂಗೆ ಕಳಿಸಿದ್ರೆ ನಿಂಗೆ ಬೇಜಾರಿಲ್ವಾ?”

“ಊರಿಗೆಲ್ಲಾ ಗೊತ್ತಿರೋದು ಬೆಂಗಳೂರಿಗೆ ಗೊತ್ತಾದ್ರೆ ಏನಾಯ್ತು? ಹೆಸರು ಮಾತ್ರ ಬೇರೆ ಇಡು. ಚೆನ್ನಾಗಿರೋ ಹೆಸರು ಇಡು.”

ರಾಯದುರ್ಗಕ್ಕೆ ಬಂದ ದಿನವೇ ಪತ್ರವನ್ನು ಟೈಪ್ ಮಾಡಿ, ಮೂರು ಅಧ್ಯಾಯದ ಜೊತೆ ಕಳಿಸಿಬಿಟ್ಟೆ. ಆ ಅಧ್ಯಾಯಗಳಲ್ಲಿ ಅಕ್ಕ ಇನ್ನೂ ಬಸ್ಸಿನಲ್ಲಿ ಅಳುತ್ತಲೇ ಇದ್ದಳು. ಅದು ಗೊತ್ತಿತ್ತು. ಆದರೆ ಎರಡನೇ ಅಧ್ಯಾಯದ ಮೇಲಿನ ಮೋಹ ಬಿಟ್ಟಿರಲಿಲ್ಲ. ಬೆಂಗಳೂರಿನವರಿಗೆ ಇಷ್ಟೆಲ್ಲ ಎಲ್ಲಿ ತಿಳಿಯುತ್ತದೆ ಎಂದುಕೊಂಡೆ.

ಗುಮಾಸ್ತರು ದಾರಿಯಲ್ಲಿ ಸಿಕ್ಕಾಗಲೆಲ್ಲ, “ಸ್ವೀಕೃತಿ ಬಂತೇನ್ರಿ ತಾಯಿ?” ಎಂದು ಕೇಳುತ್ತಿದ್ದರು. ಅವರು ಬರೆದ ಪತ್ರವೇ ಹೋಗಿದೆ ಎಂದು ಅವರ ನಂಬಿಕೆ. ನಾನು ಇನ್ನೂ ಇಲ್ಲ ಸರ್ ಎಂದು ಹೇಳಿ ಬೇಗ ಬೇಗ ನಡೆಯುತ್ತಿದ್ದೆ.

ಐದು ವಾರದ ಮೇಲೆ ಉತ್ತರ ಬಂತು. ಏಜೆಂಟಮ್ಮ ಬಹಳ ಸಭ್ಯವಾಗಿ ಬರೆದಿದ್ದರು. ಪತ್ರವನ್ನು ಎರಡು ಸಲ ಓದಿದರಂತೆ, ಅದರಲ್ಲಿರುವ ಹೆಂಗಸು ಅವರಿಗೆ ತುಂಬ ಹಿಡಿಸಿದಳಂತೆ. ಆದರೆ ಮೂರು ಅಧ್ಯಾಯ ಹುಡುಕಿದರೂ ಅವಳು ಸಿಗಲಿಲ್ಲವಂತೆ. ‘ಅಲ್ಲಿರುವವಳು ಬೇರೆ ಯಾರೋ, ಹನ್ನೊಂದು ಸಲ ಅಳುತ್ತಾಳೆ. ಬಜ್ಜಿ ಎಲ್ಲಿ? ಪತ್ರದಲ್ಲಿರುವವಳ ಕಾದಂಬರಿ ಬರೆದರೆ ದಯವಿಟ್ಟು ನನಗೆ ಕಳಿಸಿ.’

“ಲೆಟರ್ ಪಾಸು, ಪುಸ್ತಕ ಫೇಲು” ಎಂದರು ಯಜಮಾನರು. ನನ್ನ ಮುಖ ನೋಡಿ, ಹೊರಗೆ ಹೋಗಿ ಚಹಾ ಮಾಡಿಸಿಕೊಂಡು ಬಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಹೊರಗಿನಿಂದ ನನಗಾಗಿ ಚಹಾ ತಂದದ್ದು ಅದೇ ಮೊದಲು. ಹಾಗಾಗಿ ಪೆಟ್ಟು ದೊಡ್ಡದೇ ಇರಬೇಕು ಎಂದು ನನಗೂ ಖಚಿತವಾಯಿತು.

ಎರಡು ವಾರ ನೋಟ್‌ಬುಕ್ ಮುಟ್ಟಲಿಲ್ಲ. ಕರೆಂಟ್ ಹೋದರೆ ಮಲಗುತ್ತಿದ್ದೆ. ಮೂರನೇ ವಾರ ಅಕ್ಕನಿಗೆ ಫೋನ್ ಮಾಡಿ, ಸೀರೆ ಗೀರೆ ಏನನ್ನೂ ಕೇಳದೆ, “ಆ ಹುಳ ಸತ್ತ ದಿನ ಏನೇನಾಯ್ತು, ಹೇಳು” ಎಂದೆ. ಅವಳು ಹೇಳುತ್ತ ಹೋದಳು. ಬರೆದದ್ದನ್ನು ಮತ್ತೆ ಅವಳಿಗೇ ಓದಿ ಹೇಳಿದೆ. ಸುಳ್ಳು ಬಂದಲ್ಲಿ ಅವಳು ಫೋನಿನಲ್ಲೇ “ಹೂಂ, ಹೂಂ” ಎಂದು ಎಳೆಯುತ್ತಿದ್ದಳು, ನನಗೆ ತಿಳಿಯುತ್ತಿತ್ತು. ಎಂಟು ತಿಂಗಳಲ್ಲಿ ಕಾದಂಬರಿ ನೂರ ತೊಂಬತ್ತು ಪುಟಕ್ಕೆ ಇಳಿಯಿತು. ಮೂರು ಅಧ್ಯಾಯದಲ್ಲಿ ಅವಳು ಅಳುವುದು ಒಂದೇ ಸಲ.

ಈ ನಡುವೆ ಮಡಕಶಿರದ ಸಂತೆಯಲ್ಲಿ ಅಕ್ಕನಿಗೆ ಆ ಮನುಷ್ಯ ಸಿಕ್ಕನಂತೆ. ಈಗ ಅವನಿಗೆ ಮತ್ತೆ ಮದುವೆಯಾಗಿ ಮೊಮ್ಮಗು ಕೂಡ ಇದೆ. ಅಕ್ಕನನ್ನು ಕಂಡರೆ ರೇಷ್ಮೆ ಹೇಗಿದೆ ಎಂದು ಕೇಳುವಷ್ಟು ಮಾತು ಬಂದಿದೆ. ನನ್ನ ತಂಗಿ ಪುಸ್ತಕ ಬರೀತಿದಾಳೆ ಎಂದು ಅಕ್ಕ ಹೇಳಿದಳಂತೆ.

“ನಾನೂ ಇದೀನಾ ಅದ್ರಲ್ಲಿ?” ಎಂದನಂತೆ ಅವನು.

“ಇದೀಯ. ಆದ್ರೆ ನಿಂಗೆ ಮಾತಿಲ್ಲ.”

ಅವನು ಬಹಳ ಹೊತ್ತು ಯೋಚಿಸಿ, “ಒಂದಾದ್ರೂ ಕೊಡು ಅನ್ನು” ಎಂದನಂತೆ.

ಕೊಟ್ಟಿದ್ದೇನೆ. ಏಳನೇ ಅಧ್ಯಾಯದ ಕೊನೆಯಲ್ಲಿ. ಕೇಳಿ ಅಕ್ಕ “ಹೂಂ” ಎಂದು ಎಳೆಯಲಿಲ್ಲ.

ಏಜೆಂಟಮ್ಮ ಹೊಸ ಪ್ರತಿಯನ್ನು ಓದಿ ಈ ಸಲ ಫೋನೇ ಮಾಡಿದರು. ನಾನು ಮಷಿನ್ ನಿಲ್ಲಿಸುವುದನ್ನು ಮರೆತು, ಆ ಸದ್ದಿನಲ್ಲೇ ಮಾತಾಡಿದೆ. ಪುಸ್ತಕವನ್ನು ತೆಗೆದುಕೊಳ್ಳುತ್ತೇನೆ ಎಂದರು. ಪ್ರಕಾಶಕರು ಸಿಗಲು ಒಂದು ವರ್ಷವಾದರೂ ಆಗಬಹುದು, ಸಿಗದೆಯೂ ಇರಬಹುದು ಎಂದೂ ಹೇಳಿದರು. ಈಗ ಅದು ಇಬ್ಬರು ಪ್ರಕಾಶಕರ ಮೇಜಿನ ಮೇಲಿದೆ. ಗುಮಾಸ್ತರಿಗೆ ಸುದ್ದಿ ಹೇಳಿದಾಗ, “ಮಂಜೂರಾತು ಅನ್ರಿ!” ಎಂದು ಜಗುಲಿಯಿಂದ ಎದ್ದು ನಿಂತರು. ಅವರ ಸಂತೋಷ ಕೆಡಿಸುವ ಮನಸ್ಸಾಗಲಿಲ್ಲ.

ಅಂದಿನಿಂದ ಅತ್ತೆಯಲ್ಲೊಂದು ಬದಲಾವಣೆ ಕಾಣುತ್ತಿದೆ. ಅವರ ತವರು ಭೈರವಾನಿತಿಪ್ಪದ ಕಡೆ, ಚಿಕ್ಕಂದಿನಲ್ಲಿ ಡ್ಯಾಮಿನ ದಂಡೆಯಲ್ಲಿ ಕುರಿ ಕಾಯ್ದವರು. ಇಷ್ಟು ವರ್ಷ ಆ ಬಗ್ಗೆ ಒಂದು ಮಾತು ಆಡಿದವರಲ್ಲ. ಈಗ ಕರೆಂಟ್ ಹೋದ ಕೂಡಲೇ ಕತ್ತರಿ ಕೆಳಗಿಟ್ಟು, ಮಣೆಯನ್ನು ನನ್ನ ಹತ್ತಿರ ಎಳೆದುಕೊಳ್ಳುತ್ತಾರೆ.

“ನೋಡವ್ವ, ಒಂದ ಮಾತು ಹೇಳ್ತೀನಿ. ಇದನ್ನ ಮಾತ್ರ ಎಲ್ಲೂ ಬರಿಬ್ಯಾಡ” ಎನ್ನುತ್ತಾರೆ. ಆಮೇಲೆ ನಾನು ಪೆನ್ನು ತೆಗೆಯುವವರೆಗೂ ಸುಮ್ಮನೆ ಕೂತಿರುತ್ತಾರೆ.